ಲಾಭ

ಬಯಲು. ಎಂಥ ಬಯಲೆಂದರೆ, ಮೂರು ಮೈಲಿಯಾಚೆ ಬರುವ ಬಸ್ಸನ್ನು
ನಿಲ್ದಾಣದಲ್ಲಿ ನಿಂತೇ ನೋಡಬಹುದು;
ಬರುವುದು ದಿನಕ್ಕೆ ಎರಡೇ ಸಲ.
ಸಮುದ್ರದಿಂದ ಕಸಿದ ಲಿಂಕನ್‌ಶೈರಿನ ಈ ಕಪ್ಪು ನೆಲದಲ್ಲಿ
ಕೋಸು, ಕೋಸಿನಾಚೆ ಕೋಸು,
ಕಾಲುವೆ, ಮತ್ತೆ ಕೋಸು.
ನಸುಕಿನ ನಾಲ್ಕಕ್ಕೆ ಮೇಸ್ತ್ರಿಯ ವ್ಯಾನು ಹಾರ್ನ್ ಹೊಡೆದರೆ
ಲೀಯಾನ್ ಸ್ಕ್ರಿಮ್‌ಶಾ ಚಾಕು ಹಿಡಿದು ಹತ್ತುತ್ತಾಳೆ.
ಅವಳ ಅವಳಿ ಮಕ್ಕಳು ತಾವೇ ಎದ್ದು, ಒಣ ಬ್ರೆಡ್ಡು ತಿಂದು
ಶಾಲೆಗೆ ಬರುತ್ತಿದ್ದರು, ಗಂಟೆಗಿಂತ ಒಂದು ತಾಸು ಮೊದಲೇ,
ಅಲ್ಲಿ ಹೀಟರ್ ಇದೆಯೆಂದು.

ಬ್ರಯೋನಿಯನ್ನು ನಾನು ಕಂಡುಹಿಡಿದೆ ಎಂದುಕೊಂಡಿದ್ದೆ.
ಏನು ಜಂಬ! ಬಾವಿಯನ್ನು ಕೊಡ ಕಂಡುಹಿಡಿದ ಹಾಗೆ.
ಭಿನ್ನರಾಶಿಯನ್ನು ಅವಳು ಕೋಸಿನಂತೆ ಬಿಡಿಸುತ್ತಿದ್ದಳು,
ಎಲೆ ಎಲೆಯಾಗಿ ಸುಲಿದು, ಒಳಗಿನ ಬಿಳಿಗೆ ಬಂದು
"ಇಷ್ಟೇನಾ, ಮಿಸ್?"
ಪಟ್ಟಣದ ಗ್ರಾಮರ್ ಶಾಲೆಗೆ ಸೆಪ್ಟೆಂಬರಿನಲ್ಲಿ ಪರೀಕ್ಷೆ.
ವಕೀಲರ ಮಕ್ಕಳಿಗೆ ತಾಸಿಗೆ ನಲವತ್ತು ಪೌಂಡಿನ ಪಾಠ.
ಇವಳಿಗೆ ನಾನು, ಒಂದು ಡಬ್ಬಿ ಬಿಸ್ಕತ್ತು,
ಯಾರೋ ಬರೆದು ಬಿಸಾಕಿದ ಪ್ರಶ್ನೆಪತ್ರಿಕೆ, ಉತ್ತರಗಳನ್ನು ರಬ್ಬರಿನಿಂದ ಅಳಿಸಿದ್ದು.

ಕರೆದೊಯ್ಯಲು ಬಂದ ತಾತ ಸಿರಿಲ್ ಒಮ್ಮೆ ಬಾಗಿಲಲ್ಲೇ ನಿಂತು
ಕುರಿ ಎಣಿಸುವ ಹಳೆಯ ಲೆಕ್ಕ ಹೇಳಿದ:
ಯಾನ್, ಟ್ಯಾನ್, ಟೆದೆರ, ಪೆದೆರ, ಪಿಂಪ್...
ನಾನು ನಮ್ಮ ಕಣದ್ದು ಹೇಳಿದೆ.
ಜೋಳ ಅಳೆಯುವಾಗ ಒಂದು ಅನ್ನುವುದಿಲ್ಲ ನಾವು,
ಮೊದಲ ಕೊಳಗ 'ಲಾಭ', ಆಮೇಲೆ ಎರಡು.
ಮುದುಕ ನಕ್ಕ: "ನಿಮ್ಮವರು ಜಾಣರು.
ಇಲ್ಲಿ ಎಣಿಸುವುದು ನಾವು, ಲಾಭ ಧಣಿಯದ್ದು."

ನನ್ನನ್ನೂ ಆರಿಸಿದ್ದರು ಒಮ್ಮೆ.
ಸಿಂದಗಿ ಕಡೆಯ ಹಳ್ಳಿಯಿಂದ ನವೋದಯಕ್ಕೆ:
ಟ್ರಂಕು, ಎರಡು ಲಂಗ, ಸರ್ಕಾರದ ಸಾಬೂನು.
ಒಂದೇ ಪಾಟಿಯ ಮೇಲೆ ನನ್ನೊಡನೆ ಬರೆಯುತ್ತಿದ್ದ ಯಮನೂರವ್ವ
ನನಗಿಂತ ಚುರುಕು. ಪರೀಕ್ಷೆಯ ದಿನ
ಮೆಣಸಿನಕಾಯಿ ಬಿಡಿಸಲು ಹೋಗಿದ್ದಳು.
ಆಮೇಲೆ ನನ್ನ ಪ್ರತಿ ಅಂಕಪಟ್ಟಿಯಲ್ಲೂ
ಸ್ವಲ್ಪ ಕಣ್ಣುರಿ ಇತ್ತು.

ಅಕ್ಟೋಬರಿನಲ್ಲಿ ಪತ್ರ ಬಂತು. ಬ್ರಯೋನಿ ಪಾಸು.
ಲೀಯಾನ್ ಮಣ್ಣಿನ ಕೈಯಲ್ಲೇ ನನ್ನನ್ನು ತಬ್ಬಿಕೊಂಡಳು,
ಬಿಡುವ ಮೊದಲೇ ಬ್ಲೇಜರಿನ ಬೆಲೆ ಕೇಳಿದಳು.
ಹೇಳಿದೆ. ಸುಮ್ಮನಾದಳು.
(ಬ್ಲೇಜರು ಸಿಕ್ಕಿತು, ಯಾರದೋ ಮಗಳದು, ತೋಳು ಮಡಚಿ ಹೊಲಿದದ್ದು.
ಅದು ಬೇರೆ ಕಥೆ.)

ಕಿಟ್, ಅವಳ ತಮ್ಮ, ಹನ್ನೆರಡು ನಿಮಿಷ ಕಿರಿಯ,
ವರ್ಷವಿಡೀ ಹಿಂದಿನ ಕಿಟಕಿಯ ಬಳಿ ಕೂತು ಅಕ್ಕನಿಗಾಗಿ ಕಾದಿದ್ದ.
ಓದು ಹತ್ತದು; ಅಕ್ಷರ ಕುಣಿಯುತ್ತವೆ ಎನ್ನುತ್ತಿದ್ದ.
ಅವನಿಗೂ ಬಿಸ್ಕತ್ತು ಕೊಡುತ್ತಿದ್ದೆ.
ಪ್ರಶ್ನೆ ಕೊಡಲಿಲ್ಲ.

ಪತ್ರ ಬಂದ ಸಂಜೆ, ಖುಷಿಗೆಂದು, ಬ್ರಯೋನಿಗೆ
ಒಂದು ಕಠಿಣ ಲೆಕ್ಕ ಓದಿ ಹೇಳಿದ್ದೆ, ರೈಲು ಮತ್ತು ಸುರಂಗದ್ದು.
ತಿಣುಕಿದಳು, ನಕ್ಕಳು, ನಾಳೆ ಎಂದು ಹೋದಳು.
ದೀಪ ಆರಿಸಲು ಹೋದೆ.
ಗಾಜಿನ ತುಂಬ ಹಬೆ, ಹಬೆಯ ಮೇಲೆ ಬೆರಳಿನ ಗೆರೆ:
ಅದೇ ರೈಲು, ಮೂರೇ ಮೆಟ್ಟಿಲಲ್ಲಿ ಸುರಂಗ ದಾಟಿತ್ತು.
ನಾನು ಕಲಿಸಿದ ದಾರಿಯಲ್ಲ. ಅದಕ್ಕಿಂತ ಹತ್ತಿರದ್ದು.
ಉತ್ತರದ ಅಂಕಿಯಿಂದ ನೀರಿಳಿಯುತ್ತಿತ್ತು.
ಎಷ್ಟು ಸಂಜೆ ಬರೆದಿದ್ದನೋ!
ದಿನಾ ಅದೇ ಕಿಟಕಿಯನ್ನು
ನಾನೇ ಒರೆಸುತ್ತಿದ್ದೆ, ಬಟ್ಟೆ ಹಿಡಿದು.

ಜರಡಿ ಹಿಡಿದವಳಿಗೆ ಮೇಲೆ ನಿಂತದ್ದಷ್ಟೇ ಕಾಳು.

ಈಗ ಬ್ರಯೋನಿ ಏಳರ ಬಸ್ಸಿಗೆ ನಿಲ್ಲುತ್ತಾಳೆ, ಟೈ ಬಿಗಿದು.
ಕಿಟ್ ಹತ್ತಿರದ ಶಾಲೆಗೆ ನಡೆದು ಹೋಗುತ್ತಾನೆ,
ಗುರುವಾರ ಸಂಜೆ ನನ್ನ ಕೋಣೆಗೆ ಬರುತ್ತಾನೆ.
ಅವನೊಡನೆ ಕಾಲುವೆಯಾಚೆಯ ಕ್ಯಾರವಾನಿನ ಅಣ್ಣತಂಗಿ,
ಲಿಥುವೇನಿಯಾದ ಆಸ್ಟೆಯಾ, ಮಾತೇ ಆಡದ ಇನ್ನೊಬ್ಬ.
ಆರಿಸಿ ಕರೆದವರಲ್ಲ. ಚಳಿಗೆ ಬಂದವರು.
ಲೆಕ್ಕವನ್ನು ನಾನು ಓದಿ ಹೇಳುತ್ತೇನೆ, ಬರೆಯಲು ಕಿಟಕಿಯಿದೆ.

ಮೊದಲ ದಿನ ಅವನು ಕುರ್ಚಿಗಳನ್ನು ಎಣಿಸಿದ, ತಾತನ ಲೆಕ್ಕದಲ್ಲಿ,
ಯಾನ್‌ನಿಂದ ಶುರುಮಾಡಿ.
"ಒಂದು ಕಡಿಮೆ ಇದೆ, ಮಿಸ್."
ಊಟದ ಕೋಣೆಯಿಂದ ಎಳೆದು ತಂದೆ, ಕಾಲು ಅಲುಗುವ ಒಂದನ್ನು.
ಲಾಭ ಎನ್ನಬೇಕಿತ್ತು ನಾನು. ಅನ್ನಲಿಲ್ಲ.
ಬಾಗಿಲು ನೋಡುತ್ತಿದ್ದೆ,
ಇನ್ನೂ ಯಾರು ಹೊರಗೆ ನಿಂತಿದ್ದಾರೋ ಎಂದು.