ಎಡಕ್ಕೆ ಎಳೆಯುತ್ತೆ

ಗುಜರಿ ಹಂಝಾಕ ತೂಕಕ್ಕೆ ಹಾಕಿಬಿಡುತ್ತಿದ್ದ,
ನಾನು ಕೈ ಅಡ್ಡ ಹಿಡಿದೆ.
ಮುಚ್ಚಿಹೋದ ರೆಸಾರ್ಟಿನ ಮೂಟೆಯಲ್ಲಿ
ಬಿರುಕುಬಿಟ್ಟ ಮುಖವಾಡ, ಒಂಟಿ ಕೈಗವಸುಗಳ ನಡುವೆ
ಇದೊಂದು, ಬಣ್ಣದ ಗುಂಡು ಹಾರಿಸುವ ಆಟದ ಕೋವಿ.
ಎಂಟುನೂರು ಅಂದ. ಆರುನೂರೈವತ್ತಕ್ಕೆ ನನ್ನದಾಯಿತು.

ಸಕಲೇಶಪುರದಲ್ಲಿ ಹೇಮಾವತಿ ಸೇತುವೆ ದಾಟಿದರೆ ನನ್ನ ಅಂಗಡಿ.
ಇಪ್ಪತ್ತಾರು ವರ್ಷದಿಂದ ಸ್ಪ್ರೇಯರ್ ರಿಪೇರಿ.
ಕಾಫಿಗೆ ಬೋರ್ಡೋ ಹೊಡೆಯುವ ಕಾಲದಲ್ಲಿ
ತಿಂಗಳುಗಟ್ಟಲೆ ನನ್ನ ಉಗುರು ನೀಲಿ.
ಒತ್ತಡ ಎಲ್ಲಿ ನುಸುಳುತ್ತದೆ,
ಯಾವ ವಾಷರಿನ ಹಿಂದೆ ಕೂತು ಉಸ್ ಅನ್ನುತ್ತದೆ,
ಅಷ್ಟು ನನಗೆ ಗೊತ್ತು.
ಗೊತ್ತಿರುವುದೇ ಅಷ್ಟು.

ಹಿಡಿಕೆ ಬಿಚ್ಚಿದೆ.
ಒಂಬತ್ತು ವೋಲ್ಟಿನ ಬ್ಯಾಟರಿ ಒಳಗೇ ಸತ್ತು
ತಂತಿಯ ಮೇಲೆಲ್ಲ ಹಸಿರುನೀಲಿ ಉಪ್ಪು ಕಕ್ಕಿತ್ತು.
ಅರೆ, ನನ್ನ ಉಗುರಿನ ಬಣ್ಣ!
ಹಿಡಿಕೆಯ ಒಳಮೈಯಲ್ಲಿ ಮೊಳೆಯಿಂದ ಗೀಚಿದ ಸಾಲು:
ಎಡಕ್ಕೆ ಎಳೆಯುತ್ತೆ.
ಹೆಸರಿಲ್ಲ, ತಾರೀಖಿಲ್ಲ.
ಸಂಜೆ ಸಂಜೆ ಇದನ್ನು ಒರೆಸಿ ನೇತುಹಾಕುತ್ತಿದ್ದವನು
ಯಾರಿಗೆ ಬರೆದ?
ಆಡಲು ಬಂದವರು ಹಿಡಿಕೆ ಬಿಚ್ಚುವುದಿಲ್ಲ.
ಬಿಚ್ಚುವವನಿಗೇ ಬರೆದದ್ದು.
ಅಂದರೆ, ನನಗೆ.

ಬೋರ್ಡಿಗೆ ಕೈಹಾಕಿದವಳು ಸ್ಟೆಲ್ಲಾ,
ಐಟಿಐ ಮುಗಿಸಿ ಕೆಲಸಕ್ಕೆ ಸೇರಿ ಮೂರು ತಿಂಗಳು.
ಹಳೇ ಹಲ್ಲುಜ್ಜುವ ಬ್ರಷ್ಷನ್ನು ವಿನೆಗರಿಗೆ ಅದ್ದಿ ಉಪ್ಪು ತಿಕ್ಕಿ
ಸ್ಪಿರಿಟ್ಟಿನಲ್ಲಿ ಒರೆಸಿ, ಎರಡು ತಂತಿ ಬೆಸೆದಳು.
ಆಮೇಲೆ ಹೊಲಿಗೆ ಮಿಷನ್ನಿನ ಎಣ್ಣೆಗೆ ಕೈಚಾಚಿದಳು.
ತಾಯಿ, ಅದು ಬೇಡ, ರಬ್ಬರು ಉಬ್ಬುತ್ತೆ ಅಂತ
ಸಿಲಿಕಾನ್ ಗ್ರೀಸು ಮುಂದೆ ತಳ್ಳಿದೆ.
ನನ್ನ ಮರ್ಯಾದೆಯೂ ಉಳಿಯಿತು.

ಒಣಗಿ ಸೀಳಿದ ಉಂಗುರಗಳು ಏಳು.
ಐದಕ್ಕೆ ಸ್ಪ್ರೇಯರಿನವೇ ಹೊಂದಿದವು.
ಒಂದು, ಬೋರ್‌ವೆಲ್ ಸಾಮಾನಿನ ಅಂಗಡಿಯದು.
ಏಳನೆಯದು ಕೊರಿಯರಿನಲ್ಲಿ ಬರಲು ಹನ್ನೊಂದು ದಿನ;
ಅಷ್ಟೂ ದಿನ ಕೋವಿ
ಸ್ಟೀಲು ತಟ್ಟೆಯಲ್ಲಿ ಬಿಚ್ಚಿ ಹರಡಿಕೊಂಡಿತ್ತು,
ಮೀನು ಕೊಯ್ದಿಟ್ಟ ಹಾಗೆ.

ನಳಿಗೆಯ ಬುಡದಲ್ಲಿ ಎದುರುಬದುರು ಎರಡು ಕಣ್ಣು,
ಗುಂಡು ಬಂದು ಕೂತಿತೋ ಇಲ್ಲವೋ ನೋಡಲು.
ಎರಡಕ್ಕೂ ಹಳದಿ ಬಣ್ಣ ಒಣಗಿ ಪೊರೆ.
ಹತ್ತಿಕಡ್ಡಿ ಸುತ್ತಿ ಸುತ್ತಿ ತೆಗೆಯುವಾಗ
ನಮ್ಮತ್ತೆಯ ಆಪರೇಷನ್ನು ನೆನಪಾಗಿ ನಗು ಬಂತು:
ಪಟ್ಟಿ ಬಿಚ್ಚಿದ ಕೂಡಲೇ ಅವರು ಕೇಳಿದ್ದು,
ಗೋಡೆ ಯಾಕಿಷ್ಟು ಕೊಳೆ?
ಪುಟ್ಟ ದೀಪ ಹಸಿರಾಯಿತು. ಸ್ಟೆಲ್ಲಾ ಶಿಳ್ಳೆ ಹಾಕಿದಳು.

ಇನ್ನು ಗಾಳಿ.
ಪಂಕ್ಚರ್ ಅಂಗಡಿಯ ಗಾಳಿ ಇದರ ಹಲ್ಲಿಗೂ ಸಾಲದು.
ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ ಹಾಸನದ ಬಸ್ಸು ಹತ್ತಿದೆ.
ಏರ್‌ರೈಫಲ್ ಕಲಿಸುವ ವಿಠಲಮೂರ್ತಿ ಮೇಷ್ಟ್ರು
ಬಾಟಲಿಯ ಕುತ್ತಿಗೆಯ ತಾರೀಖು ಎರಡು ಸಲ ಓದಿ
ತುಂಬಿಕೊಟ್ಟರು. ದುಡ್ಡು ಬೇಡ ಅಂದರು.
ಎಡಕ್ಕೆ ಎಳೆಯುತ್ತಂತೆ ಸಾರ್, ಅಂದೆ.
ಕೋವಿಯನ್ನು ಬೈಯುವ ಮೊದಲು ಭುಜ ನೋಡಿಕೊಳ್ಳಿ, ಅಂದರು.

ಭಾನುವಾರ. ಅಂಗಡಿಯ ಹಿಂದೆ ತಗಡು ನಿಲ್ಲಿಸಿ
ಸುಣ್ಣದಲ್ಲೊಂದು ವೃತ್ತ. ಇಪ್ಪತ್ತು ಹೆಜ್ಜೆ.
ಕಣ್ಣಿಗೆ ಗ್ರೈಂಡಿಂಗ್ ಕನ್ನಡಕ. ಭುಜ ನೋಡಿಕೊಂಡೆ.
ಟಪ್.
ವೃತ್ತದ ಎಡಕ್ಕೆ, ಒಂದು ಗೇಣು.
ಎರಡನೆಯದು ಅಲ್ಲೇ. ಮೂರನೆಯದು ಅದರ ಮೇಲೇ,
ಹಳದಿಯ ಮೇಲೆ ಹಳದಿ.
ಸ್ಟೆಲ್ಲಾ ಹೊಡೆದಳು. ಅಲ್ಲೇ.
ಟೀ ತಂದ ಹುಡುಗ ಲೋಟ ಇಟ್ಟು ಹೊಡೆದ. ಅಲ್ಲೇ.

ನಳಿಗೆ ನೆಟ್ಟಗಿದೆ, ಗಾಳಿ ಸಮ ಇದೆ, ಏಳೂ ಉಂಗುರ ಹೊಸದು.
ಎಲ್ಲ ಬದಲಿಸಿದ ಮೇಲೂ ಬದಲಾಗದ ಈ ಗೇಣು
ಎಲ್ಲಿ ಕೂತಿದೆಯೋ ನನ್ನ ಕೈಗೆ ಸಿಗಲಿಲ್ಲ.
ಅವನ ಕೈಗೂ ಸಿಕ್ಕಿರಲಿಲ್ಲ.

ಮತ್ತೆ ಹಿಡಿಕೆ ಬಿಚ್ಚಿದೆ. ಮೊಳೆ ಹುಡುಕಿದೆ.
ಅವನ ಸಾಲಿನ ಕೆಳಗೆ, ನೀಲಿ ಉಗುರಿನಿಂದ ಧೂಳು ಕೆರೆದು, ಬರೆದೆ:
ಹೌದು. ಬಲಕ್ಕೆ ಒಂದು ಗೇಣು ಹಿಡಿ.

ಸ್ಕ್ರೂ ಬಿಗಿಯುತ್ತಿದ್ದ ಸ್ಟೆಲ್ಲಾಗೆ ಹೇಳಿದೆ,
ಸಾಕು ಬಿಡು.
ಮುಂದಿನವರೂ ಬಿಚ್ಚಬೇಕು.