ಕನ್ನಡಕ

ಅರಬೈಲ್ ಘಟ್ಟದ ತಿರುವಿಗೊಮ್ಮೆ ನಿಂಬೆಹಣ್ಣು ಮೂಸುತ್ತ
ಬಂದಿಳಿದರು ಕಾರವಾರಕ್ಕೆ:
ಅವ್ವ, ಅಪ್ಪ, ವಿಮೋಚನಕ್ಕ, ಅವಳ ಎರಡು ಮಕ್ಕಳು,
ಐವತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿ,
ಬೆಟಗೇರಿಯಿಂದ ತೊಡೆಯ ಮೇಲಿಟ್ಟುಕೊಂಡೇ ತಂದ
ಮೂಲೆ ಮುರಿದ ಕಾಗದದ ನಕ್ಷತ್ರ.

ಮಕ್ಕಳು ಸಮುದ್ರ ಎಲ್ಲಿ ಅಂದರು.
ಅಪ್ಪ ಸಭೆ ಎಲ್ಲಿ ಅಂದ.

ಜೂನಿನಲ್ಲಿ ವರ್ಗವಾಗಿ ಬಂದವಳು ನಾನು,
ಆಸ್ಪತ್ರೆಯ ಔಷಧ ಉಗ್ರಾಣದ ಕೀಲಿ ನನ್ನ ಸೊಂಟದಲ್ಲಿ.
ಆರು ತಿಂಗಳ ಭಾನುವಾರಗಳಲ್ಲಿ
ಬಟ್ಟೆ ಒಗೆದಿದ್ದೆ, ನಿದ್ದೆ ಹೊಡೆದಿದ್ದೆ,
ಕೋಡಿಬಾಗದ ಸೇತುವೆಯ ಮೇಲೆ ನಿಂತು
ಕಾಳಿ ಉಪ್ಪಾಗುವುದನ್ನು ನೋಡಿದ್ದೆ.
ಫೋನಿನಲ್ಲಿ ಮಾತ್ರ: ಹೂಂ ಅವ್ವ, ಹೋಗಿದ್ದೆ.
ಎಲ್ಲಿಗೆ ಅಂತ ಆಕೆ ಒಮ್ಮೆಯೂ ಕೇಳಿರಲಿಲ್ಲ.
ಕೇಳಬಾರದು ಅಂತ ಗೊತ್ತಿತ್ತು.

ಹಬ್ಬದ ಹಿಂದಿನ ರಾತ್ರಿ ಬಂದರಿನ ಕಡೆಯ ದೊಡ್ಡದಕ್ಕೆ ಹೋದೆವು.
ಪೂಜೆ ಕೊಂಕಣಿಯಲ್ಲಿ. ಎಲ್ಲರೂ ಎದ್ದಾಗ ಎದ್ದೆವು,
ಮಂಡಿಯೂರಿದಾಗ ಊರಿದೆವು; ಅಪ್ಪ ಕೂತೇ ಇದ್ದ,
ಮಂಡಿನೋವು ಅಂತ ಯಾರೂ ಕೇಳದೇ ಹೇಳಿದ.
ಅವನ ಮಂಡಿಗಿಂತ ಅವನ ಬಾಸೆಲ್ ಮಿಶನ್ ಗಟ್ಟಿ.
ಆದರೆ ಗುರುತಿನ ರಾಗವೊಂದು ಬಂದದ್ದೇ ತಡ
ಅದರೊಳಗೆ ತನ್ನ ಕನ್ನಡ ತುರುಕಿ ಹಾಡಿದ,
ನಲವತ್ತು ವರ್ಷ ಮಗ್ಗದ ಸದ್ದಿನ ಮೇಲೆ
ಹಾಡಿ ಪಳಗಿದ ದನಿಯಲ್ಲಿ.
ಮುಂದಿನ ಬೆಂಚಿನ ಮುದುಕಿ ಹೊರಳಿ ನೋಡಿದಳು.
ಆಮೇಲೆ ಅಂಗಳದಲ್ಲಿ ಮಕ್ಕಳ ಕೈಗೆ ದೋದೊಲ್ ಇಟ್ಟಳು.

ಟೈರ್ ಅಂಗಡಿಯ ಮಾಳಿಗೆಯಲ್ಲಿ ಇನ್ನೊಂದು. ಹಿಂದಿ, ಡ್ರಮ್ಮು.
"ದೇವರಿಗೆ ಕಿವಿ ಕೇಳ್ತಾವ," ಅಂದಳು ಅವ್ವ, ಮೆಟ್ಟಿಲಿಳಿಯುತ್ತ.

ಹಂಚಿನದೊಂದು ಸಣ್ಣದು. ಬೀಗ.
ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿ
ಕಿಟಕಿಯ ಸರಳಿಗೆ ಹಣೆ ಒತ್ತಿ ಬಹಳ ಹೊತ್ತು ನೋಡಿದ.
ಬೆಂಚು ಎಣಿಸಿದನೇನೋ. ಏನೂ ಹೇಳಲಿಲ್ಲ.

ಒಣ ಸೀಗಡಿ ಕಟ್ಟಿಕೊಟ್ಟು ಬಸ್ಸು ಹತ್ತಿಸಿದೆ.
ರಾತ್ರಿಯೇ ಫೋನು: "ಕನ್ನಡಕ ಎಲ್ಲೋ ಬಿಟ್ಟೀನಿ, ನೋಡವಾ.
ಕೀರ್ತನಿ ಪುಸ್ತಕದಾಗ ಬರೇ ಇರಿವಿ ಸಾಲು ಕಾಣ್ತಾವ."

ಡ್ಯೂಟಿ ಮುಗಿಸಿ ಹೊರಟೆ.
ದೊಡ್ಡದರಲ್ಲಿ ಒಂದು ಪೆಟ್ಟಿಗೆಯನ್ನೇ ಮುಂದಿಟ್ಟರು:
ಕೊಡೆ, ಮಗುವಿನ ಒಂದೇ ಕಾಲುಚೀಲ, ಯಾರದೋ ಮಾತ್ರೆ ಚೀಟಿ.
(ಮಾತ್ರೆ ನಮ್ಮ ಉಗ್ರಾಣದ್ದೇ.)
ಮಾಳಿಗೆಯ ಹುಡುಗ ಡ್ರಮ್ಮುಗಳನ್ನು ಎತ್ತೆತ್ತಿ ಹುಡುಕಿ
ಚಹಾ ಕುಡಿಸಿ ಕಳಿಸಿದ.
ಕೊನೆಗೆ ಹಂಚಿನದು. ಗೇಟಿನಲ್ಲಿ
ಗಿಡಿಯೋನಪ್ಪ ಅಂತ ಒಬ್ಬ ಮುದುಕ, ಕಿವಿ ಮಂದ,
ದಾಸವಾಳಕ್ಕೆ ನೀರು ಬಿಡುತ್ತಿದ್ದ.

"ಕನ್ನಡಕ..." ಅಂದೆ.
"ಕನ್ನಡಕ್ಕಾ? ಕನ್ನಡದ್ದು ಎರಡನೇ ಭಾನುವಾರ, ಒಂಬತ್ತಕ್ಕೆ.
ಕುಮಟೆಯಿಂದ ಅಯ್ಯನವರು ಬರ್ತಾರೆ.
ಹದಿಮೂರು ಜನ ನಾವು. ಮಳೆ ಬಂದ್ರೆ ಏಳು."

ಕಣ್ಣ ಸುತ್ತ ಬೆರಳು ಬಳೆ ಮಾಡಿ ತೋರಿಸಿದೆ.
ಪೈಪು ಕೆಳಗಿಟ್ಟು, ಬೀಗ ತೆಗೆದು,
ಆ ಪ್ರಾಯದಲ್ಲಿ ಬೆಂಚುಗಳಡಿ ಬಗ್ಗಿ ಹುಡುಕಿದ.

ಶನಿವಾರ ಅವ್ವನ ಫೋನು. ಸಿಕ್ಕಿತಂತೆ,
ಸೀಗಡಿಯ ಗಂಟಿನೊಳಗೆ. ತೊಳೆದರೂ ನಾರುತ್ತದೆ,
ಹಾಕಿಕೊಂಡೇ ಓದುತ್ತಿದ್ದಾನೆ,
ಬೆಕ್ಕು ತೊಡೆ ಬಿಟ್ಟು ಏಳುತ್ತಿಲ್ಲ.

ಭಾನುವಾರ ಒಂಬತ್ತಕ್ಕೆ ನಾನು ಹದಿನಾಲ್ಕನೆಯವಳು.
ಗಿಡಿಯೋನಪ್ಪ ಎಲ್ಲರಿಗೂ ಹೇಳಿಬಿಟ್ಟಿದ್ದ.
ಹಾಡಿನ ನಡುವೆಯೇ ಒಬ್ಬರು ಕಾಲಿನಿಂದ ಚಾಪೆ ಸರಿಸಿ ನೋಡಿದರು.
ಪ್ರಾರ್ಥನೆ ಮುಗಿದ ಮೇಲೆ ರೂತಮ್ಮನೆಂಬುವರು
ಕರವಸ್ತ್ರ ಬಿಚ್ಚಿ, ತೀರಿಹೋದ ಗಂಡನದೊಂದು ಕೊಟ್ಟರು:
"ಹೊಂದಿದರೆ ಹೊಂದಲಿ. ಕಪಾಟಿನಲ್ಲಿ ಸುಮ್ಮನೆ ಕೂತಿದೆ."
ಹಿಡಿಗೆ ದಾರ ಸುತ್ತಿತ್ತು.

ಸಿಕ್ಕಿತೇನಮ್ಮಾ, ಅಂದರು ಅಯ್ಯನವರು, ಬಾಗಿಲಲ್ಲಿ.

ಇನ್ನೂ ಇಲ್ಲ, ಅಂದೆ.

ಬರುವ ತಿಂಗಳು ಮತ್ತೆ ಹುಡುಕೋಣ, ಅಂದರು.