ಮಣ್ಣಿಗೆ ಬಂದವಳು

ಮಣ್ಣಿಗೆ ಬಂದೆ ಅಂದೆಯಲ್ಲ ವುದೆ,
ಯಾರು ತೀರಿಕೊಂಡರು ಎಂದು ಕೇಳಿಬಿಟ್ಟೆ.
ಮೂವತ್ತೊಂದು ವರ್ಷದ ಅಭ್ಯಾಸ, ತಪ್ಪು ತಿಳಿಯಬೇಡ.
ಈ ಗುಡ್ಡದ ಇಗರ್ಜಿಗೆ ಗುಂಡಿ ತೋಡುವವನು ನಾನು, ಗೆಬೆಯೆಹು.
ನಿನ್ನ ಚೀಲದಲ್ಲಿ ಉಕ್ಕಿನ ಬಳೆಗಳು,
ಒಂದು ಸುತ್ತಿಗೆ, ಬಾಟಲಿ ನೀರು, ತಕ್ಕಡಿ.

ಮೊದಲು ಗೋಡೆಯ ಒಳಗೆ ಬಾ. ಚಪ್ಪಲಿ ಬಿಡು,
ದೇವರಿಗೂ ಆಯಿತು, ಅಂಗಾಲಿಗೂ ತಿಳಿಯಲಿ.
ವಾಂಜಾ, ಕಾಡು ಆಲಿವ್,
ನನ್ನಜ್ಜನಿಗಿಂತ ಹಳೆಯ ಜುನಿಪರ್.
ಸುತ್ತಿಗೆ ಬೇಡ, ಅಂಗೈ ಊರಿದರೆ ಸಾಕು.
ಇಂಜೆರಾ ರೊಟ್ಟಿ ನೋಡಿದ್ದೀಯಲ್ಲ, ಮೈಯೆಲ್ಲ ಕಣ್ಣು,
ಸಾರು ಹೀರುವುದು ಆ ಕಣ್ಣುಗಳೇ.
ಮಣ್ಣೂ ಹಾಗೇ. ಎರೆಹುಳು ಹೋದ ದಾರಿ,
ಸತ್ತ ಬೇರು ಬಿಟ್ಟುಹೋದ ಕೊಳವೆ, ಇರುವೆಯ ಓಣಿ,
ಅರ್ಧಕ್ಕರ್ಧ ಬರೀ ಗಾಳಿ.
ನೀರು ಸುರಿ, ಎಣಿಸುತ್ತೇನೆ. ಒಂದು, ಎರಡು,
ಎಲ್ಲಿ ಹೋಯಿತು ನೋಡು!
ಇಲ್ಲಿ ಗುಂಡಿಯೆಂದರೆ
ಬೆಳಗಿನ ಕಾಫಿಗೂ ಮಧ್ಯಾಹ್ನದ ಗಂಟೆಗೂ ನಡುವಿನ ಕೆಲಸ.
ಬೇರಿಗೆ ಮಾತ್ರ ಕ್ಷಮೆ ಕೇಳಬೇಕು.

ಇನ್ನು ಹೊರಗೆ. ಗೋಡೆ ದಾಟಿ ಇಪ್ಪತ್ತು ಹೆಜ್ಜೆ.
ಇದೂ ಕಾಡೇ ಆಗಿತ್ತು.
ಇಗರ್ಜಿಗೆ ತಗಡಿನ ಮಾಡು ಬಂದ ವರ್ಷ
ತೊಲೆಗೆಂದು, ಹಬ್ಬದ ಒಲೆಗೆಂದು ಕಡಿದೆವು.
ಕಡಿದೆವು ಅಂದೆನೇ? ಕೊಡಲಿ ನನ್ನದು.
ಎರಡು ವರ್ಷ ತೆಫ್ ಹುಲುಸಾಗಿ ಬಂತು,
ಊರೆಲ್ಲ ಬೆನ್ನು ತಟ್ಟಿತು.
ಆಮೇಲೆ ನೇಗಿಲು, ದನದ ಗೊರಸು, ಮಳೆ.
ಕಾಡಿನಲ್ಲಿ ಮಳೆ ಮೆಟ್ಟಿಲಿಳಿದು ಬರುತ್ತಿತ್ತು,
ಇಲ್ಲಿ ಮಾಳಿಗೆಯಿಂದ ಹಾರುತ್ತದೆ.
ಬಿದ್ದಲ್ಲಿ ಹರಳು ಒಡೆದು ಹಿಟ್ಟಾಯಿತು,
ಹಿಟ್ಟು ತುಂಬಿ ಕಣ್ಣು ಮುಚ್ಚಿತು,
ಬಿಸಿಲು ಬಂದು ರೆಪ್ಪೆ ಹೊಲಿಯಿತು.

ಈಗ ಹೊಡಿ ಸುತ್ತಿಗೆ. ಇನ್ನೂ ಹೊಡಿ.
ಬಳೆಯ ಅಂಚು ಸೊಟ್ಟಗಾಯಿತೆ?
ನನ್ನ ಗುದ್ದಲಿಯ ಮೂರು ಕಾವು ಮುರಿದಿವೆ.
ದರ್ಜಿ ತಾಫೆರೆಯ ಗುಂಡಿಗೆ ಒಂದೂವರೆ ದಿನ ಹಿಡಿಯಿತು.
ಹೆಣ ಕಾಯಿತು. ಅಳುವವರು ಅತ್ತು ಮುಗಿಸಿ
ಹೊಲದ ಮಾತಿಗೆ ಇಳಿದರು.
ಅದೇ ಅಳತೆಯ ಬಳೆ, ತೂಕ ಹೆಚ್ಚು ಅನ್ನುತ್ತೀ.
ಸಂತೆಯಲ್ಲಾದರೆ ಹೆಚ್ಚು ತೂಗಿದ್ದು ಲಾಭ.
ಮಣ್ಣು ಹೆಚ್ಚು ತೂಗಿದರೆ ತಿಳಿ,
ಒಳಗೆ ಯಾರೂ ಇಲ್ಲ.

ಬಾ, ಇನ್ನೊಂದು ತೋರಿಸಬೇಕು.
ನನ್ನ ತಾಯಿ, ವುಬಾಂತೆ.
ಮರಗಳ ನಡುವೆಯೇ ಮಲಗಿಸಿದ್ದೆ,
ಮರ ತೆಗೆದದ್ದು ಆಮೇಲೆ.
ತಲೆಗಲ್ಲು ಆಗ ಒಂದು ಗೇಣಿತ್ತು, ಈಗ ಮೊಣಕಾಲಿಗೆ.
ಕಲ್ಲು ಬೆಳೆಯುತ್ತಿದೆ, ಪವಾಡ ಎಂದು
ಯಾತ್ರಿಕರು ಹಣೆಗೊತ್ತಿ ಹೋಗುತ್ತಾರೆ.
ನಾನು ಬಾಯಿ ಬಿಟ್ಟಿಲ್ಲ.
ಕಲ್ಲು ಎಲ್ಲಿ ಬೆಳೆಯುತ್ತದೆ ಮಗಳೇ, ನೆಲ ಇಳಿಯುತ್ತಿದೆ,
ಮಳೆಗಾಲವೆಲ್ಲ ಕೆಂಪಗೆ ಹೊಳೆಯ ಕಡೆಗೆ.
ಅವಳ ಮೇಲೆ ಇನ್ನೆಷ್ಟು ಉಳಿದಿದೆ, ನನಗೆ ಗೊತ್ತು.
ತೋಡಿದವನಿಗೆ ಆಳ ಮರೆಯುವುದಿಲ್ಲ.
ರಾತ್ರಿ ಒಳಗಿನ ತರಗೆಲೆ ಗೋಣಿಯಲ್ಲಿ ತಂದು ಹರವುತ್ತೇನೆ,
ಅರ್ಧ ಗಾಳಿಯ ಪಾಲು.

ಇಲ್ಲಿಡು ಬಳೆ, ಅವಳ ಕಾಲ ಬಳಿ. ಸುರಿ.
ಒಂದು, ಎರಡು. ನೂರು. ನೂರ ಎಂಬತ್ತು.
ನೀರು ನಿಂತೇ ಇದೆ. ಅದರಲ್ಲಿ ಮೋಡ, ಒಂದು ನೊಣ.
ದೆಬ್ರೆ ತಾಬೋರಿನ ಬಸ್ಸಿಗೆ ಹೊತ್ತಾಯಿತು ನಿನಗೆ.
ಹೋಗು, ನಾನು ಕೂತಿರುತ್ತೇನೆ.
ಸತ್ತವರ ಪಕ್ಕ ಕೂರುವುದು ನನಗೆ ಹೊಸದೇ?

ಹಲೋ, ವುದೆ? ಕೇಳಿಸುತ್ತಿದೆಯಾ?
ಬಳೆ ಒಣಗಿದೆ.
ಇಳಿಯಿತೋ, ಗಾಳಿಗೆ ಆರಿತೋ, ನಾಯಿ ಕುಡಿಯಿತೋ,
ಬೆಳಗಿನ ಜಾವ ಒಂದಿಷ್ಟು ನಿದ್ದೆ ಹತ್ತಿತ್ತು.
ನಿನ್ನ ಪುಸ್ತಕದಲ್ಲಿ
ಆ ಸಾಲು ಖಾಲಿ ಬಿಡು.